ಸರ್ವರ್ ಎಂದರೇನು? ಪಹಣಿ ಪುಟದ ಹಿಂದಿನ ವ್ಯವಸ್ಥೆಯ ಪರಿಚಯ

ಬೀದರ್ ತಾಲ್ಲೂಕಿನ ಬಗದಲ್ ಭಾಗದ ರೈತರು ಬೆಳೆ ಸಾಲಕ್ಕಾಗಿ ಪಹಣಿ ಪಡೆಯಲು ಹೋದಾಗ "ಸರ್ವರ್ ಡೌನ್ ಇದೆ" ಎಂಬ ಉತ್ತರ ದೊರೆಯುವುದುಂಟು. ಈ ಒಂದೇ ಮಾತಿನಲ್ಲಿ ನಾಲ್ಕೈದು ಬಗೆಯ ತೊಂದರೆಗಳು ಅಡಗಿರುತ್ತವೆ. ಅವುಗಳನ್ನು ಬೇರ್ಪಡಿಸಿ ಅರಿತಲ್ಲಿ, ಕಾಯಬೇಕೇ ಅಥವಾ ಬೇರೆ ಕೇಂದ್ರಕ್ಕೆ ಹೋಗಬೇಕೇ ಎಂಬುದನ್ನು ಸಾರ್ವಜನಿಕರು ತಾವೇ ನಿರ್ಧರಿಸಬಹುದಾಗಿದೆ.

ಇತರ ಗಣಕಯಂತ್ರಗಳು ಕೇಳಿದ ಮಾಹಿತಿಯನ್ನು ಒದಗಿಸಲು ಹಗಲಿರುಳು ಚಾಲನೆಯಲ್ಲಿರುವ ಗಣಕಯಂತ್ರವೇ ಸರ್ವರ್. ಅದರೊಳಗಿನ ತಂತ್ರಾಂಶವನ್ನೂ ಇದೇ ಹೆಸರಿನಿಂದ ಕರೆಯುವುದು ರೂಢಿ. 1990ರಲ್ಲಿ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಬಳಸಿದ ಮೊದಲ ವೆಬ್ ಸರ್ವರಿನ ಮೇಲೆ, ಯಾರೂ ಇದನ್ನು ಆರಿಸಬಾರದೆಂಬ ಚೀಟಿಯನ್ನು ಅಂಟಿಸಲಾಗಿತ್ತು.

ಕರ್ನಾಟಕದಲ್ಲಿ "ಭೂಮಿ" ಯೋಜನೆಯು 2001ರ ಸುಮಾರಿಗೆ ತಾಲ್ಲೂಕುಗಳಲ್ಲಿ ಜಾರಿಗೆ ಬಂದಾಗ, ಸರ್ವರ್ ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಇರುತ್ತಿತ್ತು. ಆಗ ಪಹಣಿಗೆ 15 ರೂಪಾಯಿ ಶುಲ್ಕವಿತ್ತು. ಭಾಲ್ಕಿಯ ಪಹಣಿ ಭಾಲ್ಕಿಯಲ್ಲಿ, ಔರಾದ್‌ನ ಪಹಣಿ ಔರಾದ್‌ನಲ್ಲಿ ದೊರೆಯುತ್ತಿತ್ತು. ಒಂದೆಡೆ ಯಂತ್ರ ಕೆಟ್ಟರೆ ಅಲ್ಲಿನ ಕೆಲಸ ಮಾತ್ರ ನಿಲ್ಲುತ್ತಿತ್ತು. ತರುವಾಯ ದಾಖಲೆಗಳನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ತರಲಾಯಿತು. ಇದರಿಂದ ಎಲ್ಲಿಂದಲಾದರೂ ಪಹಣಿ ಪಡೆಯುವ ಅನುಕೂಲವಾಯಿತಾದರೂ, ಕೇಂದ್ರದಲ್ಲಿ ತೊಂದರೆಯಾದರೆ ರಾಜ್ಯದ ಎಲ್ಲ ತಾಲ್ಲೂಕುಗಳೂ ಒಟ್ಟಿಗೆ ಕಾಯಬೇಕಾಗುತ್ತದೆ. ಅನುಕೂಲವೇ ಹೆಚ್ಚೆಂಬುದು ನಿಜ; ಆದರೆ ಬೆಳೆ ವಿಮೆಯ ಕೊನೆಯ ದಿನಗಳಲ್ಲಿ ಇದರ ಬೆಲೆಯೂ ತಿಳಿಯುತ್ತದೆ.

ಸರ್ವೆ ನಂಬರ್ ನಮೂದಿಸಿದ ನಂತರ ಕೋರಿಕೆಯು ಹಲವು ಹಂತಗಳನ್ನು ದಾಟುತ್ತದೆ. ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸುವುದು ಡಿಎನ್ಎಸ್ ಸರ್ವರ್. ಕೋರಿಕೆಯನ್ನು ಸ್ವೀಕರಿಸಿ ಪುಟವನ್ನು ಕಳುಹಿಸುವುದು ವೆಬ್ ಸರ್ವರ್. ಅಪಾಚೆ, ಐಐಎಸ್ ಇಂತಹ ತಂತ್ರಾಂಶಗಳು. ನಿಯಮಗಳಂತೆ ಕೋರಿಕೆಯನ್ನು ಪರಿಶೀಲಿಸುವುದು ಅಪ್ಲಿಕೇಶನ್ ಸರ್ವರ್. ದಾಖಲೆಯಿರುವುದು ಕೊನೆಯ ಹಂತವಾದ ಡೇಟಾಬೇಸ್ ಸರ್ವರಿನಲ್ಲಿ.

ಲೆಕ್ಕಪತ್ರ ಬಲ್ಲವರಿಗೆ ಡೇಟಾಬೇಸ್ ಅಪರಿಚಿತವಲ್ಲ. ವ್ಯಾಪಾರಿಯು ಮೊದಲು ಕಿರ್ದಿಯಲ್ಲಿ ಬರೆದು ನಂತರ ಖಾತೆಗೆ ಏರಿಸುವಂತೆ, ಡೇಟಾಬೇಸ್ ಕೂಡ ಪ್ರತಿಯೊಂದು ಬದಲಾವಣೆಯನ್ನು ಮೊದಲು ತನ್ನ ದಿನಚರಿಯಲ್ಲಿ ದಾಖಲಿಸಿಕೊಳ್ಳುತ್ತದೆ. ಎರಡು ಎಕರೆ ತೊಗರಿ ಹೊಲದ ಮ್ಯುಟೇಶನ್ ಆಗುವಾಗ ಮಾರಿದವರ ಖಾತೆಯಲ್ಲಿ ಕಡಿಮೆಯಾಗಬೇಕು, ಕೊಂಡವರ ಖಾತೆಯಲ್ಲಿ ಸೇರಬೇಕು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವೆ ವಿದ್ಯುತ್ ಹೋದರೆ, ಯಂತ್ರವು ಮರಳಿ ಚಾಲನೆಗೊಂಡಾಗ ದಿನಚರಿಯನ್ನು ನೋಡಿ ಅರ್ಧಕ್ಕೆ ನಿಂತ ನಮೂದನ್ನು ರದ್ದುಪಡಿಸುತ್ತದೆ. ಆದ್ದರಿಂದ ಪುಟ ತೆರೆಯದಿದ್ದ ಮಾತ್ರಕ್ಕೆ ಜಮೀನಿನ ದಾಖಲೆ ಅಳಿಸಿಹೋಯಿತೆಂದು ಗಾಬರಿಪಡುವ ಕಾರಣವಿಲ್ಲ.

ಪರದೆಯ ಮೇಲಿನ ಸಂಖ್ಯೆಯನ್ನು ಗಮನಿಸುವುದು ಉಪಯುಕ್ತ. 404 ಎಂದಿದ್ದರೆ ಸರ್ವರ್ ಉತ್ತರಿಸಿದೆ, ಆದರೆ ಆ ವಿಳಾಸದಲ್ಲಿ ಪುಟವಿಲ್ಲ. ವಿಳಾಸವನ್ನು ಸರಿಯಾಗಿ ಟೈಪ್ ಮಾಡತಕ್ಕದ್ದು. 503 ಎಂದಿದ್ದರೆ ಒತ್ತಡ ಅಥವಾ ನಿರ್ವಹಣಾ ಕಾರ್ಯದ ನಿಮಿತ್ತ ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ. ಸ್ವಲ್ಪ ಸಮಯ ಬಿಟ್ಟು ಪ್ರಯತ್ನಿಸಬಹುದು. 504 ಎಂದರೆ ಮುಂದಿನ ಸರ್ವರಿಗೆ ಹಿಂದಿನದರಿಂದ ಸಕಾಲದಲ್ಲಿ ಉತ್ತರ ಬಂದಿಲ್ಲ. ಯಾವ ಸಂಖ್ಯೆಯೂ ಕಾಣದೆ, ಇತರ ಜಾಲತಾಣಗಳೂ ತೆರೆಯದಿದ್ದಲ್ಲಿ, ತೊಂದರೆ ಬಹುತೇಕ ಆ ಕೇಂದ್ರದ ಇಂಟರ್‌ನೆಟ್ ಸಂಪರ್ಕದ್ದು, ಬೆಂಗಳೂರಿನದಲ್ಲ. ಅಂತಹ ಸಂದರ್ಭದಲ್ಲಿ ಬೇರೆ ಕೇಂದ್ರದಲ್ಲಿ ಪಹಣಿ ದೊರೆಯುವ ಸಾಧ್ಯತೆಯಿರುತ್ತದೆ.

ಆನ್‌ಲೈನ್ ಶುಲ್ಕ ಪಾವತಿಯು ಬ್ಯಾಂಕಿನ ಪ್ರತ್ಯೇಕ ಸರ್ವರ್ ಮೂಲಕ ನಡೆಯುತ್ತದೆ. ಹಣ ಕಡಿತವಾಗಿ ಪಹಣಿ ಬಾರದಿದ್ದಲ್ಲಿ ಕೂಡಲೇ ಮತ್ತೊಮ್ಮೆ ಪಾವತಿಸದೆ, ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಪಾವತಿಯ ಸ್ಥಿತಿಯನ್ನು ಪರಿಶೀಲಿಸತಕ್ಕದ್ದು.