ನಾಯಿಗೊಂದು ಕಲ್ಲು, ಹೋರಿಗೊಂದು ಹೆಸರು

ದೀಪಾವಳಿಯ ಬಲಿಪಾಡ್ಯಮಿ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಊರುಗಳಲ್ಲಿ ಹೋರಿಗಳ ಕಾಲ ಆರಂಭವಾಗುತ್ತದೆ. ಕೊಂಬಿಗೆ ರಿಬ್ಬನ್ನು, ಬಲೂನು, ಬೆನ್ನಿಗೆ ಝೂಲ, ಕಾಲಿಗೆ ಗೆಜ್ಜೆ, ಕೊರಳಿಗೆ ಒಣಕೊಬ್ಬರಿಯ ಸರ. ಎರಡೂ ಬದಿಗೆ ಜನ ಕಿಕ್ಕಿರಿದು ನಿಂತ ದಾರಿಯಲ್ಲಿ ಹೋರಿಯನ್ನು ಬಿಡುತ್ತಾರೆ. ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದೆ, ಸರ ಕಳೆದುಕೊಳ್ಳದೆ ದಾಟಿಹೋದ ಹೋರಿ ಗೆದ್ದಂತೆ. ಹಟ್ಟಿ ಹಬ್ಬ, ಕೊಬ್ಬರಿ ಹೋರಿ, ಹೋರಿ ಬೆದರಿಸುವುದು ಎಂದು ಇದನ್ನು ಒಂದೊಂದು ಕಡೆ ಒಂದೊಂದು ಹೆಸರಿನಿಂದ ಕರೆಯುತ್ತಾರೆ. ನೋಡಲು ನಿಂತವರೂ ಇದರಲ್ಲಿ ಜೀವ ಕಳೆದುಕೊಂಡದ್ದುಂಟು. ಹಬ್ಬದ ಸಡಗರದಲ್ಲಿ ಆ ಮಾತು ಹಿಂದೆ ಬೀಳುತ್ತದೆ.

ಹಬ್ಬಕ್ಕೆಂದು ಸಾಕಿದ ಹೋರಿಗೆ ಸಾಮಾನ್ಯವಾಗಿ ನೊಗ ಹೂಡುವುದಿಲ್ಲ. ಹುರುಳಿ, ಹತ್ತಿಕಾಳು, ಹಿಂಡಿ, ಮೊಟ್ಟೆ ಕೊಟ್ಟು ಮನೆಯ ಮಗನಂತೆ ಸಾಕುತ್ತಾರೆ. ಅದಕ್ಕೊಂದು ಹೆಸರಿರುತ್ತದೆ. ಆ ಹೆಸರು ದೇವರದ್ದಿರಬಹುದು, ಸಿನಿಮಾದ್ದಿರಬಹುದು, ಜೊತೆಗೆ ಒಂದು ಸಂಖ್ಯೆಯೂ ಇರಬಹುದು. ಊರೂರಿನ ಅಭಿಮಾನಿಗಳು ಹೋರಿಯನ್ನು ಆ ಹೆಸರಿನಿಂದಲೇ ಬಲ್ಲರು. ಅಂಥ ಹೋರಿ ಸತ್ತರೆ ಹಾರ ಹಾಕಿ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿ ಹೊಲದಲ್ಲಿ ಮಣ್ಣು ಕೊಡುತ್ತಾರೆ. ಭಾವಚಿತ್ರದ ಫ್ಲೆಕ್ಸ್ ಊರ ಬಾಗಿಲಲ್ಲಿ ಏಳುತ್ತದೆ. ಪೇಟೆಯವರಿಗೆ ಇದು ವಿಚಿತ್ರವಾಗಿ, ಈಚಿನ ಅತಿರೇಕವಾಗಿ ಕಾಣಬಹುದು. ಆದರೆ ಸಾಕಿದ ಪ್ರಾಣಿ ಸತ್ತಾಗ ಅದರ ರೂಪವನ್ನೂ ಹೆಸರನ್ನೂ ಉಳಿಸಿಕೊಳ್ಳಬೇಕೆಂಬ ಆಸೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಳೆಯದು.

ಈ ಸೀಮೆಯ ವೀರಗಲ್ಲುಗಳನ್ನೇ ನೋಡಬಹುದು. ಹಾವೇರಿಯ ಸಿದ್ಧೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಅಲ್ಲಿ ಹಳಗನ್ನಡ ಬರಹವಿರುವ ವೀರಗಲ್ಲು ಇದೆ. ಸುತ್ತಲ ಹಳ್ಳಿಗಳ ಗುಡಿಯಂಗಳ, ಕೆರೆಯ ಏರಿಗಳಲ್ಲೂ ಇಂಥ ಕಲ್ಲುಗಳು ನಿಂತಿವೆ. ಇವುಗಳ ರಚನೆ ಹೆಚ್ಚುಕಡಿಮೆ ಒಂದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ತುರುಗೋಳಿನಲ್ಲಿ, ಅಂದರೆ ದನ ಹಿಡಿದೊಯ್ಯುವ ಕಾಳಗದಲ್ಲಿ ಮಡಿದವನ ಕಲ್ಲಾದರೆ ಕೆಳಗಡೆ ದನಗಳ ಸಾಲೂ ಇರುತ್ತದೆ. ಕೊಂಬು, ಬಾಲ, ಗೋಣು ಎಲ್ಲವನ್ನೂ ಶಿಲ್ಪಿ ಕಾಳಜಿಯಿಂದ ಕಡೆದಿರುತ್ತಾನೆ. ಆದರೆ ಹೆಸರು ಸತ್ತವನದು ಮಾತ್ರ. ಯಾವ ದನಕ್ಕಾಗಿ ಅವನು ಪ್ರಾಣ ಬಿಟ್ಟನೋ ಅದು ಬರಿಯ 'ತುರು'. ಮನೆಯವರು ಅದನ್ನು ಏನೆಂದು ಕೂಗುತ್ತಿದ್ದರೋ ಕಲ್ಲು ಹೇಳುವುದಿಲ್ಲ.

ಈ ಪದ್ಧತಿಯನ್ನು ಮೀರಿದ ಒಂದು ಕಲ್ಲು ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯ ಆತಕೂರಿನದು. ಶಕವರ್ಷ 872, ಅಂದರೆ ಕ್ರಿ.ಶ. 949-50ರ ಆ ಶಾಸನವನ್ನು ಇತಿಹಾಸಕಾರರು ಬೇರೆಯೇ ಕಾರಣಕ್ಕೆ ಮತ್ತೆ ಮತ್ತೆ ಓದಿದ್ದಾರೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು, ಅದಕ್ಕೆ ಮೆಚ್ಚುಗೆಯಾಗಿ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಪಡೆದದ್ದು ಅದರಲ್ಲಿ ದಾಖಲಾಗಿದೆ. ಇಂದಿನ ಹಾವೇರಿ ಜಿಲ್ಲೆಯ ಒಂದು ಭಾಗ ಆಗಿನ ಬನವಾಸಿ ನಾಡಿಗೇ ಸೇರಿತ್ತು. ಸೀಮೆಗಳು ಕೈ ಬದಲಾದ ಸುದ್ದಿ ಕೊಡುವ ಈ ಕಲ್ಲನ್ನು ನೆಟ್ಟದ್ದು ಮಾತ್ರ ಒಂದು ನಾಯಿಗಾಗಿ.

ಬೂತುಗನ ಆಳು ಮಣಲೆರ ಆ ಯುದ್ಧದಲ್ಲಿ ಪರಾಕ್ರಮ ಮೆರೆದ. ಮೆಚ್ಚಿದ ಒಡೆಯ ಬೇಕಾದುದನ್ನು ಬೇಡಿಕೋ ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹೊನ್ನು, ಹಳ್ಳಿ ಕೇಳಬಹುದಾಗಿದ್ದ ಹೊತ್ತಿನಲ್ಲಿ ನಾಯಿಯನ್ನು ಕೇಳಿದವನಿಗೆ ಅದರ ಮೇಲೆ ಎಷ್ಟು ಮನಸ್ಸಿದ್ದಿರಬೇಕು! ಮುಂದೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿದ. ಅದರ ಮೇಲೆ ಅಪ್ಸರೆಯರಿಲ್ಲ, ಕೈಲಾಸವಿಲ್ಲ. ನಾಯಿಯೂ ಹಂದಿಯೂ ಎದುರುಬದುರಾಗಿ ಸೆಣಸುತ್ತಿವೆ, ಅಷ್ಟೇ.

ಚಿತ್ರ ಕೆತ್ತಿಸಿ ಸುಮ್ಮನಾಗಿದ್ದರೆ ಇದು ದೊರೆಗಳ ಬಂಟನೊಬ್ಬನ ಶೋಕಿ ಎನಿಸಿಕೊಳ್ಳುತ್ತಿತ್ತು. ಮಣಲೆರನಿಗೆ ಕಲ್ಲಿನ ಸ್ವಭಾವ ಗೊತ್ತಿದ್ದಂತಿದೆ. ನೋಡಿಕೊಳ್ಳುವವರಿಲ್ಲದಿದ್ದರೆ ಅದು ಬಟ್ಟೆ ಒಗೆಯುವ ಬಂಡೆಯಾಗಲು ಹೆಚ್ಚು ಕಾಲ ಬೇಡ. ಅವನು ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಕಲ್ಲಿನ ಪೂಜೆಗೆ ಬಿಡಿಸಿದ. ಪೂಜೆಯ ಹೊಣೆ ಗುಡಿಯ ಗೊರವನದು. ಕಲ್ಲನ್ನು ಪೂಜಿಸದೆ ಗೊರವ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂಬ ಕಟ್ಟಳೆಯನ್ನೂ ಬರೆಸಿದ. ಉಳಿದ ಶಾಸನಗಳಲ್ಲಿ ದತ್ತಿ ಕೆಡಿಸಿದವನಿಗೆ ಗೋಹತ್ಯೆಯ, ಬ್ರಹ್ಮಹತ್ಯೆಯ ಪಾಪ ಬರುತ್ತದೆ. ಇಲ್ಲಿ ನಾಯಿಯೇ ಲೆಕ್ಕಕ್ಕೆ ಬಂದಿದೆ.

ಕಾಳಿಗಿಂತ ಹಿಂದೆಯೂ ಇಂಥದ್ದು ನಡೆದಿದೆ. ತಮಿಳುನಾಡಿನ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಏಳನೆಯ ಶತಮಾನದ ವೀರಗಲ್ಲಿದೆ. ದನಗಳ್ಳರನ್ನು ಎದುರಿಸಿದ ಒಡೆಯನ ಪಕ್ಕದಲ್ಲೇ ಅವನ ನಾಯಿ ಕೋವಿವನ್ ನಿಂತಿದೆ, ಕಳ್ಳರನ್ನು ಕಚ್ಚಿದ ಅದರ ಹೆಸರೂ ಕಲ್ಲಿನಲ್ಲಿದೆ. ನಮ್ಮ ಕಾಲಕ್ಕೆ ಬಂದರೆ, ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ಸೀಮೆಯ ಯಸಳೂರು ಕಾಡಿನಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತ. ಸ್ಮಾರಕ ಬೇಕೆಂದು ಜನ ಪಟ್ಟು ಹಿಡಿದರು. ಅವನು ಬಿದ್ದಲ್ಲೇ ಅದು ಎದ್ದಿತು. ಮನುಷ್ಯ ಕಾಡುಪ್ರಾಣಿಯ ಮೇಲೆ ಬಿಟ್ಟ ಸಾಕುಪ್ರಾಣಿ ಮಡಿದದ್ದಕ್ಕೆ ಕಲ್ಲು ನಿಲ್ಲಿಸಿದ್ದು ಬೆಳತೂರಿನ ಕಥೆಯೇ. ಕಳಿಸಿದವನ ಅಳುಕೂ ಆ ಕಲ್ಲಿನಲ್ಲಿ ಇರಬಹುದು ಎಂದರೆ ತಪ್ಪಾಗಲಾರದು.

ಹಾವೇರಿಯ ಹೋರಿಗೆ ಇಷ್ಟು ಗಟ್ಟಿಯಾದ ಆಸರೆ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಈ ಸೀಮೆಯಲ್ಲಿ ಎತ್ತಿನ ರೂಪ ಮಾಡುವ ಕೈಗಳಿಗೇನೂ ಬರವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಜೋಡೆತ್ತು ಕೂರುತ್ತವೆ. ಶಿಗ್ಗಾವಿಯ ಹತ್ತಿರ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಒಕ್ಕಲು ಬದುಕಿನ ಎತ್ತು, ಎಮ್ಮೆಗಳು ಆಳೆತ್ತರ ನಿಂತಿವೆ. ಆದರೆ ಮಣ್ಣೆತ್ತು ಯಾವ ಎತ್ತೂ ಆಗಬಹುದು, ಅದಕ್ಕೆ ಹೆಸರಿಲ್ಲ. ಹೆಸರಿರುವ ಹೋರಿಯ ಚಿತ್ರವೋ, ಬಹುಮಟ್ಟಿಗೆ ಫ್ಲೆಕ್ಸಿನ ಮೇಲಿರುತ್ತದೆ. ಎರಡು ಬೇಸಿಗೆಗೆ ಅದರ ಬಣ್ಣ ಹಾರಿ, ಬಣವೆಯ ಮೇಲೆ ಹೊದಿಸುವ ಹಾಳೆಯಾಗುತ್ತದೆ.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗೊರವನಿಲ್ಲ, ಪೂಜೆಯಿಲ್ಲ, ಕಾಳಿ ಎಂಬ ಅಕ್ಷರಗಳು ಮಾತ್ರ ಅಳಿಸಿಲ್ಲ. ಇತ್ತ ಹೋರಿ ಸಾಕಿದವರ ಮನೆಯಲ್ಲಿ ಝೂಲವನ್ನು ಮಡಿಚಿ ಟ್ರಂಕಿನಲ್ಲಿಡುತ್ತಾರೆ. ಗೆಜ್ಜೆಯನ್ನು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕುತ್ತಾರೆ. ಮುಂದಿನ ದೀಪಾವಳಿಯ ಹೊತ್ತಿಗೆ ಎಳೆಯ ಹೋರಿಯೊಂದು ಬಂದರೆ ಅದೇ ಗೆಜ್ಜೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಅದರ ಕಾಲಿಗೆ ಕಟ್ಟುತ್ತಾರೆ.