ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್: ಪ್ರೇಕ್ಷಣೀಯ ಸ್ಥಳಗಳು ಹಾಗೂ ಪ್ರವಾಸಿಗರು ಪಾಲಿಸಬೇಕಾದ ನಿಯಮಗಳು

ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಕೇಂದ್ರಾಡಳಿತ ಪ್ರದೇಶದ ರಾಜಧಾನಿಯು ದಕ್ಷಿಣ ಅಂಡಮಾನ್ ದ್ವೀಪದ ಪೂರ್ವ ಕರಾವಳಿಯಲ್ಲಿದೆ. ಪೋರ್ಟ್ ಬ್ಲೇರ್ ಎಂದು ಪ್ರಸಿದ್ಧವಾದ ಈ ನಗರಕ್ಕೆ 2024ರ ಸೆಪ್ಟೆಂಬರ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಶ್ರೀ ವಿಜಯಪುರಂ ಎಂಬ ಹೆಸರನ್ನು ಪ್ರಕಟಿಸಿತು. ಹಳೆಯ ಹೆಸರೂ ರೂಢಿಯಲ್ಲಿರುವುದರಿಂದ ಪ್ರಯಾಣ ಕಾಯ್ದಿರಿಸುವವರು ಎರಡೂ ಒಂದೇ ಊರೆಂಬುದನ್ನು ಗಮನಿಸತಕ್ಕದ್ದು. ಇದೇ ರೀತಿ 2018ರಲ್ಲಿ ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವೆಂದೂ, ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪವೆಂದೂ, ನೀಲ್‌ಗೆ ಶಹೀದ್ ದ್ವೀಪವೆಂದೂ ಮರುನಾಮಕರಣ ಮಾಡಲಾಗಿದೆ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸಮುದ್ರವನ್ನು ನೋಡಲು ಬರುತ್ತಾರೆ. ಆದರೆ ನಗರದ ಸುತ್ತ ಇಂದು ದೋಣಿಯಲ್ಲಿ ಕರೆದೊಯ್ದು ತೋರಿಸುವ ಸ್ಥಳಗಳಲ್ಲಿ ಬಹುಪಾಲು ಒಂದೇ ಬಂದೀವಸಾಹತಿನ ಬಿಡಿ ಭಾಗಗಳಾಗಿವೆ. 1857ರ ಹೋರಾಟದ ತರುವಾಯ, 1858ರ ಮಾರ್ಚ್ ತಿಂಗಳಿನಲ್ಲಿ, ಸುಮಾರು 200 ಬಂದಿಗಳೊಡನೆ ಬ್ರಿಟಿಷರು ಈ ವಸಾಹತನ್ನು ಆರಂಭಿಸಿದರು. ಜನರ ಬಾಯಲ್ಲಿ ಅದು ಕರಿನೀರಿನ ಶಿಕ್ಷೆಯಾಯಿತು. ಈ ಹಿನ್ನೆಲೆಯನ್ನು ತಿಳಿದು ಹೊರಟಲ್ಲಿ ಸ್ಥಳಗಳ ಪರಸ್ಪರ ಸಂಬಂಧವು ಸ್ಪಷ್ಟವಾಗುತ್ತದೆ.

ಸೆಲ್ಯುಲರ್ ಜೈಲು

1896ರಲ್ಲಿ ಆರಂಭವಾದ ಇದರ ನಿರ್ಮಾಣವು 1906ರಲ್ಲಿ ಪೂರ್ಣಗೊಂಡಿತು. ನಡುವಿನ ಕಾವಲು ಗೋಪುರದಿಂದ ಚಕ್ರದ ಅರೆಕಾಲುಗಳಂತೆ ಮೂರು ಅಂತಸ್ತಿನ ಏಳು ಸಾಲುಗಳು ಹೊರಟಿದ್ದವು. ಒಂದು ಸಾಲಿನ ಮುಂಭಾಗವು ಮತ್ತೊಂದು ಸಾಲಿನ ಹಿಂಭಾಗಕ್ಕೆ ಎದುರಾಗುವಂತೆ ಕಟ್ಟಿದ್ದರಿಂದ ಒಬ್ಬ ಬಂದಿಯು ಇನ್ನೊಬ್ಬನ ಮುಖವನ್ನು ಕಾಣುವುದು ಸಾಧ್ಯವಿರಲಿಲ್ಲ. ಒಬ್ಬರಿಗೊಂದರಂತೆ ಕಟ್ಟಿದ ಈ ಕೋಣೆಗಳಿಂದಲೇ ಜೈಲಿಗೆ ಆ ಹೆಸರು ಬಂದಿದೆ. ಎತ್ತಿನ ಬದಲು ಮನುಷ್ಯರನ್ನೇ ಎಣ್ಣೆಗಾಣಕ್ಕೆ ಕಟ್ಟಲಾಗುತ್ತಿತ್ತು. 1933ರ ಉಪವಾಸ ಸತ್ಯಾಗ್ರಹದ ಸಂದರ್ಭದಲ್ಲಿ ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಾಮದಾಸ್ ಮತ್ತು ಮೋಹಿತ್ ಮೊಯಿತ್ರ ಅವರು ಇಲ್ಲಿ ಪ್ರಾಣ ತೆತ್ತರು. ಏಳರಲ್ಲಿ ಈಗ ಮೂರು ಸಾಲುಗಳು ಮಾತ್ರ ಉಳಿದಿದ್ದು, ಕೆಡವಿದ ಭಾಗದ ನಿವೇಶನದಲ್ಲಿ ಗೋವಿಂದ ವಲ್ಲಭ ಪಂತ್ ಆಸ್ಪತ್ರೆಯಿದೆ. 1979ರ ಫೆಬ್ರವರಿ 11ರಂದು ಇದನ್ನು ರಾಷ್ಟ್ರೀಯ ಸ್ಮಾರಕವಾಗಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಸಂಜೆಯ ಧ್ವನಿ-ಬೆಳಕು ಪ್ರದರ್ಶನವನ್ನು ಮಾತ್ರ ನೋಡಿ ಹಿಂದಿರುಗುವ ಪ್ರವಾಸಿಗರು ಬಹಳ. ಹಗಲಿನಲ್ಲಿ ಒಂದು ಕೋಣೆಯೊಳಗೆ ಹೋಗಿ ಕೆಲವು ನಿಮಿಷ ನಿಂತು ಬರುವುದು ಅದಕ್ಕಿಂತ ಹೆಚ್ಚಿನದನ್ನು ತಿಳಿಸುತ್ತದೆ.

ಸುತ್ತಲಿನ ದ್ವೀಪಗಳು

ನಗರದ ಅಬರ್ಡೀನ್ ದೋಣಿಕಟ್ಟೆಯಿಂದ ರಾಸ್ ದ್ವೀಪಕ್ಕೆ ಅಲ್ಪಾವಧಿಯ ಪ್ರಯಾಣ. ಬಂದಿಗಳನ್ನು ಆಳಿದವರು ವಾಸಿಸಿದ್ದು ಇಲ್ಲಿ. ಚರ್ಚು, ಬೇಕರಿ, ಮುಖ್ಯ ಆಯುಕ್ತರ ಬಂಗಲೆ ಇವುಗಳ ಗೋಡೆಗಳನ್ನು ಮರದ ಬೇರುಗಳು ಈಗ ಸುತ್ತಿಕೊಂಡಿವೆ. ಜಿಂಕೆಗಳು ಅವುಗಳ ನಡುವೆ ಅಂಜಿಕೆಯಿಲ್ಲದೆ ಓಡಾಡುತ್ತವೆ. ವೈಪರ್ ದ್ವೀಪದಲ್ಲಿ ಸೆಲ್ಯುಲರ್ ಜೈಲಿಗಿಂತಲೂ ಹಿಂದಿನ ಸೆರೆಮನೆ ಮತ್ತು ಗಲ್ಲುಗಂಬವಿದೆ. 1872ರ ಫೆಬ್ರವರಿ 8ರಂದು ವೈಸ್‌ರಾಯ್ ಲಾರ್ಡ್ ಮೇಯೋ ಅವರನ್ನು ಇರಿದು ಕೊಂದ ಬಂದಿ ಶೇರ್ ಅಲಿಯನ್ನು ಗಲ್ಲಿಗೇರಿಸಿದ್ದು ಈ ದ್ವೀಪದಲ್ಲಿಯೇ. ಕೊಲೆ ನಡೆದ ಸ್ಥಳವು ಬಂದರಿನ ಆಚೆ ದಡದಲ್ಲಿ, ಮೌಂಟ್ ಹ್ಯಾರಿಯೆಟ್ ಬೆಟ್ಟದ ಬುಡದಲ್ಲಿದೆ. 1891ರ ಯುದ್ಧದ ನಂತರ ಮಣಿಪುರದ ಮಹಾರಾಜ ಕುಲಚಂದ್ರ ಸಿಂಗ್ ಮತ್ತು ಸಂಗಡಿಗರನ್ನು ಅಲ್ಲಿ ಬಂಧನದಲ್ಲಿಟ್ಟ ಕಾರಣ 2021ರಲ್ಲಿ ಬೆಟ್ಟಕ್ಕೆ ಮೌಂಟ್ ಮಣಿಪುರ ಎಂಬ ಹೆಸರನ್ನು ನೀಡಲಾಯಿತು.

ಚಾಥಮ್ ದ್ವೀಪದಲ್ಲಿ 1883ರಲ್ಲಿ ಸ್ಥಾಪಿತವಾದ ಸರ್ಕಾರಿ ಮರದ ಮಿಲ್ ಇದೆ. ಸೇತುವೆಯ ಮೂಲಕ ತಲುಪಬಹುದು. ನಗರದೊಳಗೆ ಮಾನವಶಾಸ್ತ್ರ ವಸ್ತುಸಂಗ್ರಹಾಲಯ ಮತ್ತು ನೌಕಾಪಡೆಯ ಸಮುದ್ರಿಕಾ ವಸ್ತುಸಂಗ್ರಹಾಲಯಗಳಿವೆ.

ಜಪಾನೀಯರ ಆಳ್ವಿಕೆಯ ನೆನಪುಗಳು

1942ರ ಮಾರ್ಚ್‌ನಿಂದ 1945ರವರೆಗೆ ದ್ವೀಪಗಳು ಜಪಾನ್ ಸೇನೆಯ ವಶದಲ್ಲಿದ್ದವು. 1943ರ ಡಿಸೆಂಬರ್ 30ರಂದು ನೇತಾಜಿಯವರು ಈ ನಗರದಲ್ಲಿ ತ್ರಿವರ್ಣ ಧ್ವಜವನ್ನು ಹಾರಿಸಿದರು. ಅದಾದ ಒಂದು ತಿಂಗಳಿಗೆ, 1944ರ ಜನವರಿ 30ರಂದು, ಗೂಢಚಾರಿಕೆಯ ಆರೋಪ ಹೊರಿಸಿ 44 ಮಂದಿ ಭಾರತೀಯರನ್ನು ಹಂಫ್ರಿಗಂಜ್ ಎಂಬಲ್ಲಿ ಜಪಾನೀಯರು ಗುಂಡಿಟ್ಟು ಕೊಂದರು. ಅಲ್ಲಿ ಸ್ಮಾರಕವಿದ್ದರೂ ಸಾಮಾನ್ಯ ಪ್ರವಾಸಗಳಲ್ಲಿ ಅದು ಸೇರಿರುವುದಿಲ್ಲ. ಇಚ್ಛೆಯುಳ್ಳವರು ವಾಹನದವರಿಗೆ ಮೊದಲೇ ತಿಳಿಸತಕ್ಕದ್ದು.

ಕಡಲತೀರ ಮತ್ತು ಹವಳದ ದಂಡೆಗಳು

ನಗರಕ್ಕೆ ಸಮೀಪದ ಕಡಲತೀರ ಕಾರ್ಬಿನ್ಸ್ ಕೋವ್. ದ್ವೀಪಗಳ ಅಳಿವೆ ಮತ್ತು ಕಡಲತೀರಗಳಲ್ಲಿ ಉಪ್ಪುನೀರಿನ ಮೊಸಳೆಗಳ ಸಂಚಾರವಿರುವುದರಿಂದ ಎಚ್ಚರಿಕೆ ಫಲಕಗಳನ್ನು ಮೀರಿ ನೀರಿಗೆ ಇಳಿಯಕೂಡದು. ನಾರ್ತ್ ಬೇ ದ್ವೀಪದಲ್ಲಿ ಗಾಜಿನ ತಳದ ದೋಣಿಯಿಂದ ಹವಳಗಳನ್ನು ನೋಡುವ ಹಾಗೂ ನೀರಿನಡಿ ಮುಳುಗುವ ಅನುಕೂಲವಿದೆ. 1983ರಲ್ಲಿ ಘೋಷಿತವಾದ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು. ಉದ್ಯಾನದ ಜಾಲಿ ಬಾಯ್ ದ್ವೀಪವು ಮಳೆಗಾಲದಲ್ಲಿ ಮುಚ್ಚಿದ್ದು, ಆಗ ರೆಡ್ ಸ್ಕಿನ್ ದ್ವೀಪಕ್ಕೆ ಪ್ರವೇಶವಿರುತ್ತದೆ. ಅಲ್ಲಿಗೆ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳನ್ನು ಒಯ್ಯುವಂತಿಲ್ಲ.

ದಡದಲ್ಲಿ ಬಿದ್ದಿರುವ ಹವಳದ ತುಂಡೇ ಆದರೂ ಅದನ್ನು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮಕ್ಕಳ ಚೀಲಗಳನ್ನೂ ಹೊರಡುವ ಮುನ್ನ ನೋಡಿಕೊಳ್ಳುವುದು ಒಳಿತು.

ಅನುಮತಿ ಮತ್ತು ನಿರ್ಬಂಧಗಳು

ಭಾರತೀಯ ನಾಗರಿಕರಿಗೆ ರಾಜಧಾನಿಗೆ ಬರಲು ಅನುಮತಿಪತ್ರ ಬೇಕಿಲ್ಲ. ಭಾವಚಿತ್ರವುಳ್ಳ ಗುರುತಿನ ಚೀಟಿಯು ಜೊತೆಯಲ್ಲಿರತಕ್ಕದ್ದು. ನಿಕೋಬಾರ್ ದ್ವೀಪಗಳಿಗೂ ಬುಡಕಟ್ಟು ಮೀಸಲು ಪ್ರದೇಶಗಳಿಗೂ ಪ್ರತ್ಯೇಕ ಪಾಸ್ ಅವಶ್ಯ. ವಿದೇಶೀಯರಿಗೆ ಬೇರೆ ನಿಯಮಗಳಿರುತ್ತವೆ.

ಬಾರಾಟಾಂಗ್ ದ್ವೀಪದ ಸುಣ್ಣದಕಲ್ಲಿನ ಗುಹೆಗಳಿಗೆ ಹೋಗುವ ರಸ್ತೆಯು ಜಾರವಾ ಜನರ ಮೀಸಲು ಅರಣ್ಯದ ಮೂಲಕ ಹಾದುಹೋಗುತ್ತದೆ. ವಾಹನಗಳನ್ನು ಪೊಲೀಸ್ ಬೆಂಗಾವಲಿನಲ್ಲಿ ಗುಂಪಾಗಿ ಮಾತ್ರ ಬಿಡಲಾಗುತ್ತದೆ. ದಾರಿಯಲ್ಲಿ ವಾಹನ ನಿಲ್ಲಿಸುವುದು, ಜಾರವಾ ಜನರ ಛಾಯಾಚಿತ್ರ ತೆಗೆಯುವುದು, ಅವರಿಗೆ ಆಹಾರ ಕೊಡುವುದು ನಿಷಿದ್ಧ. 1956ರ ಮೂಲನಿವಾಸಿ ಬುಡಕಟ್ಟುಗಳ ಸಂರಕ್ಷಣಾ ವಿನಿಯಮ ಮತ್ತು ಅದರ 2012ರ ತಿದ್ದುಪಡಿಯಂತೆ ಉಲ್ಲಂಘನೆಗೆ 7 ವರ್ಷಗಳವರೆಗೆ ಸೆರೆವಾಸವಿದೆ. ಹೊರಗಿನವರ ಸಾಮಾನ್ಯ ಶೀತಜ್ವರ, ದಡಾರಗಳೂ ಆ ಜನರಿಗೆ ಮಾರಕವಾಗಬಲ್ಲವು. ಜಾರವಾ ಜನರು ಪ್ರೇಕ್ಷಣೀಯ ವಸ್ತುಗಳಲ್ಲ. ಅವರನ್ನು ತೋರಿಸುವುದಾಗಿ ಹೇಳುವವರ ಮಾತಿಗೆ ಒಪ್ಪಬಾರದೆಂದು ಕೋರಲಾಗಿದೆ.

ಪ್ರಯಾಣ

ಬೆಂಗಳೂರು, ಚೆನ್ನೈ, ಕೋಲ್ಕತ್ತಗಳಿಂದ ವಿಮಾನದಲ್ಲಿ ವೀರ ಸಾವರ್ಕರ್ ವಿಮಾನ ನಿಲ್ದಾಣವನ್ನು ತಲುಪಬಹುದು. ಚೆನ್ನೈ, ಕೋಲ್ಕತ್ತ ಮತ್ತು ವಿಶಾಖಪಟ್ಟಣದಿಂದ ಹಡಗಿನಲ್ಲಿ ಸುಮಾರು ಮೂರು ದಿನಗಳ ಪ್ರಯಾಣ. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಹವೆ ಅನುಕೂಲಕರ. ಗಡಿಯಾರವು ಭಾರತದ ಕಾಲಮಾನದ್ದೇ ಆದರೂ ದ್ವೀಪಗಳು ಬಹು ಪೂರ್ವದಲ್ಲಿರುವುದರಿಂದ ಡಿಸೆಂಬರ್‌ನಲ್ಲಿ ಸಂಜೆ 5 ಗಂಟೆಯ ಸುಮಾರಿಗೇ ಸೂರ್ಯಾಸ್ತವಾಗುತ್ತದೆ. ದ್ವೀಪಗಳಿಗೆ ಹೋಗುವವರು ಬೆಳಿಗ್ಗೆಯೇ ಹೊರಡತಕ್ಕದ್ದು.