ಆಸ್ಪತ್ರೆಯಲ್ಲೇ ವಾಸ, ರಾತ್ರಿಯಲ್ಲೇ ಪಾಠ

ಕಾಳುಮೆಣಸಿನ ಕೊಯ್ಲು ಶುರುವಾಯಿತೆಂದರೆ ಆಲೂರು, ಸಕಲೇಶಪುರದ ತೋಟಗಳಲ್ಲಿ ಸಿಲ್ವರ್ ಮರಗಳಿಗೆ ಏಣಿ ಬೀಳುತ್ತದೆ. ಅಷ್ಟೆತ್ತರದಲ್ಲಿ ನಿಂತು ಮೆಣಸು ಬಿಡಿಸುವವನ ಕಾಲು ಜಾರಿದರೆ ಮುರಿಯುವುದು ಮೂಳೆಯೊಂದೇ ಅಲ್ಲ. ಕೆಲವೊಮ್ಮೆ ಹೊಟ್ಟೆಯೊಳಗಿನ ಗುಲ್ಮ ಒಡೆದು ರಕ್ತ ಸೋರತೊಡಗುತ್ತದೆ. ಹೊರಗೆ ಗಾಯವೇ ಕಾಣದು. ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಹಾಸನದ ದೊಡ್ಡಾಸ್ಪತ್ರೆ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ. ಬೋಧಕ ಆಸ್ಪತ್ರೆಗಳಲ್ಲಿ ಅಂಥ ಅಪರಾತ್ರಿಯಲ್ಲಿ ರೋಗಿಯ ಹೊಟ್ಟೆ ಮುಟ್ಟಿ ನೋಡುವ ಮೊದಲ ಕೈ ಸಾಮಾನ್ಯವಾಗಿ ಪ್ರಾಧ್ಯಾಪಕರದಲ್ಲ, ಎಂ.ಎಸ್. ಓದುತ್ತಿರುವ ಕಿರಿಯ ವೈದ್ಯರದು. ಜನ ಅವರನ್ನು ‘ಪಿ.ಜಿ. ಡಾಕ್ಟರು’ ಎನ್ನುತ್ತಾರೆ. ಸರ್ಕಾರಿ ಕಾಗದದಲ್ಲಿ ಅವರ ಹೆಸರು ‘ರೆಸಿಡೆಂಟ್’, ಅಂದರೆ ನಿವಾಸಿ.

ನಿವಾಸಿ ಎಂಬುದು ಅಲಂಕಾರದ ಮಾತಲ್ಲ. ಅವರು ನಿಜಕ್ಕೂ ಆಸ್ಪತ್ರೆಯಲ್ಲೇ ವಾಸಿಸಬೇಕೆಂದು ಈ ಪದ್ಧತಿಯನ್ನು ಕಟ್ಟಿದವರ ಅಪೇಕ್ಷೆಯಾಗಿತ್ತು.

ಶಸ್ತ್ರವಿದ್ಯೆಯನ್ನು ಪುಸ್ತಕದಿಂದ ಕಲಿಯಲಾಗದು ಎಂಬ ತಿಳಿವಳಿಕೆ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಕೈ ಪಳಗಿಸುವುದಕ್ಕೆಂದೇ ಒಂದು ಅಧ್ಯಾಯವಿದೆ. ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನೂ, ಕೂದಲಿರುವ ಚರ್ಮದ ಮೇಲೆ ಕೆರೆಯುವುದನ್ನೂ, ತಾವರೆಯ ದಂಟಿನಲ್ಲಿ ನರ ಚುಚ್ಚುವುದನ್ನೂ ಶಿಷ್ಯ ಅಭ್ಯಾಸ ಮಾಡಬೇಕು. ಒಳಹೊಕ್ಕ ವಸ್ತುವನ್ನು ಹೊರಗೆಳೆಯುವ ಅಭ್ಯಾಸಕ್ಕೆ ಹೇಳಿರುವ ಹಣ್ಣುಗಳಲ್ಲಿ ಹಲಸೂ ಒಂದು. ಹಲಸಿನ ತೊಳೆ ಬಿಡಿಸಿ ಗೊತ್ತಿರುವ ಮಲೆನಾಡಿನವರಿಗೆ ಇದರ ಜಾಣತನವನ್ನು ವಿವರಿಸಬೇಕಾಗಿಲ್ಲ. ಜೀವಂತ ದೇಹಕ್ಕೆ ಕೈಹಾಕುವ ಮೊದಲೇ ತಪ್ಪು ಮಾಡಿ ಮುಗಿಸಿರಬೇಕು ಎಂಬುದು ಅದರ ತಾತ್ಪರ್ಯ.

ಇಂದಿನ ಪದ್ಧತಿಯ ಬೇರು ಇರುವುದು ಅಮೆರಿಕದ ಬಾಲ್ಟಿಮೋರ್‌ನಲ್ಲಿ. 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ಜರ್ಮನಿಯ ಮಾದರಿ ನೋಡಿಕೊಂಡು ಒಂದು ಕ್ರಮ ರೂಪಿಸಿದರು. ತರುಣ ವೈದ್ಯರು ಆಸ್ಪತ್ರೆಯಲ್ಲೇ ಇರಬೇಕು, ಜವಾಬ್ದಾರಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಇಷ್ಟೇ ವರ್ಷ ಎಂಬ ಮಿತಿಯೂ ಇರಲಿಲ್ಲ. ಫಲ ಅದ್ಭುತವಾಗಿತ್ತು, ನಿಜ. ಆದರೆ ಈ ಕಠೋರ ಶಿಸ್ತಿನ ಜನಕ ಸ್ವತಃ ಅರಿವಳಿಕೆಯ ಪ್ರಯೋಗಕ್ಕೆಂದು ತಮ್ಮ ಮೇಲೆಯೇ ಕೊಕೇನ್ ಬಳಸಿ ಅದರ ಚಟಕ್ಕೆ ಬಿದ್ದು, ಮುಂದೆ ಮಾರ್ಫಿನ್‌ಗೂ ಅಂಟಿಕೊಂಡಿದ್ದರು. ನಿದ್ದೆ ಬೇಡವೆನ್ನುವ ಶಾಲೆಯನ್ನು ಕಟ್ಟಿದವರ ಈ ಸಂಗತಿ ಬಹುಕಾಲ ಗುಟ್ಟಾಗಿಯೇ ಉಳಿದಿತ್ತು.

ನಮ್ಮಲ್ಲಿಗೆ ಬಂದದ್ದು ಬ್ರಿಟಿಷರ ಆಸ್ಪತ್ರೆಗಳ ಪರಿಭಾಷೆ. ಹಳೆಯ ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಕೃಷ್ಣರಾಜೇಂದ್ರ ಆಸ್ಪತ್ರೆಯೇ ಅದರ ಪಾಠಶಾಲೆ. ಎಂ.ಬಿ.ಬಿ.ಎಸ್. ಮುಗಿಸಿದವರ ತರಬೇತಿ ವರ್ಷವನ್ನು ಕನ್ನಡನಾಡಿನಲ್ಲಿ ಇಂದಿಗೂ ‘ಹೌಸ್ ಸರ್ಜನ್ಸಿ’ ಎನ್ನುವವರಿದ್ದಾರೆ. ಇಲ್ಲಿ ‘ಹೌಸ್’ ಎಂದರೆ ವೈದ್ಯರ ಮನೆಯಲ್ಲ, ಆಸ್ಪತ್ರೆ! ಹಾಸನ ಜಿಲ್ಲೆಗೆ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜು ದೊರೆತದ್ದು 2006ರಲ್ಲಿ. ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಅದರ ಬೋಧಕ ಆಸ್ಪತ್ರೆಯಾಯಿತು. ಅದಕ್ಕೆ ಮುಂಚೆ ಆಲೂರು ಸೀಮೆಯವರು ಬೋಧಕ ಆಸ್ಪತ್ರೆಗೆ ಹೋಗಬೇಕೆಂದರೆ ಮೈಸೂರು, ಬೆಂಗಳೂರು, ಇಲ್ಲವೆ ಶಿರಾಡಿ ಘಾಟಿ ಇಳಿದು ಮಂಗಳೂರು. ಮಳೆಗಾಲದಲ್ಲಿ ಘಾಟಿಯದು ಭರವಸೆಯ ದಾರಿಯಲ್ಲ.

ಕಾಲೇಜು ಹತ್ತಿರ ಬಂದದ್ದರಿಂದ ಅನುಕೂಲವಾಯಿತು. ಆದರೆ ಅಲ್ಲಿ ರಾತ್ರಿಯಿಡೀ ಎಚ್ಚರವಿರುವವರ ಯೋಗಕ್ಷೇಮದ ಮಾತೇನು? ಎಂ.ಎಸ್. ಮೂರು ವರ್ಷದ ಓದು. ಅಪೆಂಡಿಕ್ಸ್, ಹರ್ನಿಯಾ, ಕರುಳು ತೂತಾದದ್ದು, ಸುಟ್ಟ ಗಾಯ, ಮಧುಮೇಹಿಗಳ ಕೊಳೆತ ಕಾಲು – ಜನರಲ್ ಸರ್ಜರಿ ವಿಭಾಗದಲ್ಲಿ ಇವು ನಿತ್ಯದ ಕೆಲಸ. ಇದರ ಜೊತೆಗೆ ರಕ್ತ ತರಿಸುವುದು, ಸ್ಕ್ಯಾನಿಂಗ್ ವರದಿಗೆ ಓಡಾಡುವುದು, ಕೇಸ್ ಶೀಟ್ ತುಂಬುವುದೂ ಅನೇಕ ಕಡೆ ಇವರ ಪಾಲಿಗೇ ಬೀಳುತ್ತವೆ. ಇವುಗಳಲ್ಲಿ ಯಾವುದೂ ಶಸ್ತ್ರವಿದ್ಯೆ ಕಲಿಸುವುದಿಲ್ಲ. ತರಬೇತಿಯ ಹೆಸರಿನಲ್ಲಿ ನಡೆಯುವ ದುಡಿಮೆಯಲ್ಲಿ ಎಷ್ಟು ತರಬೇತಿ, ಎಷ್ಟು ಬರೀ ಚಾಕರಿ ಎಂದು ಅಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ.

ನಿಯಮಗಳಿಲ್ಲವೆಂದಲ್ಲ. 1992ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ರೆಸಿಡೆನ್ಸಿ ಯೋಜನೆಯ ಪ್ರಕಾರ ಸತತ ಕರ್ತವ್ಯ ದಿನಕ್ಕೆ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ. ಆದರೆ ಅದರೊಳಗೊಂದು ‘ಸಾಮಾನ್ಯವಾಗಿ’ ಎಂಬ ಪದವಿತ್ತು. ಆ ಒಂದು ಪದದ ಸಂದಿಯಲ್ಲಿ ಇಡೀ ನಿಯಮ ನುಸುಳಿ ಹೋಯಿತು. 2023ರ ಸ್ನಾತಕೋತ್ತರ ನಿಯಮಾವಳಿಯಂತೂ ಅಂಕಿಯ ಗೊಡವೆಗೇ ಹೋಗದೆ ‘ಸಮಂಜಸ’ ಅವಧಿಯ ಕೆಲಸ ಎಂದು ಬರೆದು ಕೈತೊಳೆದುಕೊಂಡಿತು. ವಾರದ ರಜೆಯನ್ನೇನೋ ಹೇಳಿತು. 2024ರಲ್ಲಿ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆಯ ಮಿತಿ ಸೂಚಿಸಿತು. 48 ಎಂದಿದ್ದದ್ದು ಮೂವತ್ತೆರಡು ವರ್ಷಗಳಲ್ಲಿ 74 ಆದದ್ದನ್ನು ಪ್ರಗತಿ ಎನ್ನಬೇಕೋ ಪ್ರಾಮಾಣಿಕತೆ ಎನ್ನಬೇಕೋ!

ಅಮೆರಿಕ ಎಚ್ಚೆತ್ತುಕೊಂಡದ್ದು ಒಂದು ಸಾವಿನಿಂದ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬಿ ಜಿಯಾನ್ ಎಂಬ 18 ವರ್ಷದ ಹುಡುಗಿ ತೀರಿಕೊಂಡಳು. ಅವಳನ್ನು ನೋಡಿಕೊಂಡವರು ಕಿರಿಯ ವೈದ್ಯರು. ಪತ್ರಕರ್ತನಾಗಿದ್ದ ತಂದೆ ಸುಮ್ಮನಿರಲಿಲ್ಲ. ಆ ರಾಜ್ಯದಲ್ಲಿ 1989ರಲ್ಲಿ, ಇಡೀ ದೇಶದಲ್ಲಿ 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಬಂತು. ಹಾಗೆಂದು ಗಂಟೆ ಕಡಿತವೊಂದೇ ಮದ್ದಲ್ಲ. ಅಲ್ಲಿನ 117 ಜನರಲ್ ಸರ್ಜರಿ ತರಬೇತಿ ಕೇಂದ್ರಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 80 ಗಂಟೆಯೊಳಗೇ ಪಾಳಿಯನ್ನು ಸಡಿಲ ಬಿಟ್ಟ ಕಡೆ ರೋಗಿಗಳಿಗೆ ಹೆಚ್ಚಿನ ಕೇಡು ಕಾಣಲಿಲ್ಲ. ತಾವು ಕೈಗೆತ್ತಿಕೊಂಡ ರೋಗಿಯನ್ನು ನಡುವೆ ಬಿಟ್ಟುಹೋಗಬೇಕಾಗದ ಸಮಾಧಾನ ಆ ವೈದ್ಯರಿಗಿತ್ತು. ಮನೆ-ಮಠದ ಬದುಕು ಕೆಟ್ಟಿತೆಂಬ ದೂರೂ ಇತ್ತು. ಶಸ್ತ್ರಚಿಕಿತ್ಸೆಯಲ್ಲಿ ಕೊಯ್ದವರೇ ಮರುದಿನ ಗಾಯ ನೋಡುವುದಕ್ಕೆ ಬೆಲೆಯುಂಟು. ಪಾಳಿ ಮುಗಿಯಿತೆಂದು ಹೊರಟರೆ, ಉಳಿದದ್ದನ್ನು ಒಪ್ಪಿಸಿಕೊಳ್ಳಲು ಇನ್ನೊಬ್ಬರಿರಬೇಕು. ಜನ ಹೆಚ್ಚಿಸದೆ ಗಂಟೆ ಇಳಿಸಿದರೆ ಹೊರೆ ಪಕ್ಕದವರ ಹೆಗಲಿಗೆ ಹೋಗುತ್ತದೆ, ಅಷ್ಟೆ.

ಕಲಿಯುವವರಿಗೆ ನಿಜಕ್ಕೂ ಬೇಕಾದ ಆಸರೆ, ಅಪರಾತ್ರಿ ಕರೆದರೆ ಬೇಸರಿಸದೆ ಥಿಯೇಟರಿಗೆ ಬಂದು ನಿಲ್ಲುವ ಹಿರಿಯರು. ಒಡೆದ ಗುಲ್ಮವನ್ನು ತೆಗೆಯಬೇಕೇ, ಕಾಯಬೇಕೇ ಎಂಬ ನಿರ್ಧಾರವನ್ನು ಮೊದಲನೇ ವರ್ಷದವರ ಮೇಲೆ ಬಿಡುವಂಥದ್ದಲ್ಲ. ಹಾಲ್‌ಸ್ಟೆಡ್ಡರ ಮೆಟ್ಟಿಲುಗಳ ಅರ್ಥವೂ ಇದೇ ಆಗಿತ್ತು. ನಾವು ಅವರ ನಿದ್ದೆಗೇಡನ್ನು ತಪ್ಪದೆ ಉಳಿಸಿಕೊಂಡೆವು, ಮೆಟ್ಟಿಲುಗಳನ್ನು ಅಲ್ಲಲ್ಲಿ ಮರೆತೆವು.

2020ರಲ್ಲಿ ಪ್ರಕಟವಾದ ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮದ ಪ್ರಕಾರ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕು. ಓದು ಮುಗಿದ ಮೇಲೆ, ಕರ್ನಾಟಕದ 2012ರ ಕಡ್ಡಾಯ ಸೇವಾ ಕಾಯ್ದೆಯಡಿ ಒಂದು ವರ್ಷದ ಸರ್ಕಾರಿ ಸೇವೆಯೂ ಬರಬಹುದು. ಹಾಗೆ ತಾಲ್ಲೂಕು ಆಸ್ಪತ್ರೆಗೆ ಹೋದ ಹೊಸ ಸರ್ಜನ್‌ಗೆ ಪಕ್ಕದಲ್ಲಿ ಕೇಳಲು ಹಿರಿಯರಿಲ್ಲದಿರಬಹುದು. ಅರಿವಳಿಕೆ ತಜ್ಞರೂ ಸಿಗದ ರಾತ್ರಿಯಾದರೆ, ಚಾಕು ಹಿಡಿಯಬಲ್ಲ ಕೈ ಮಾಡಬಹುದಾದದ್ದು ಒಂದೇ – ಡ್ರಿಪ್ ಹಾಕಿ, ಚೀಟಿ ಬರೆದು, ಆಂಬುಲೆನ್ಸ್ ಹತ್ತಿಸುವುದು. ಅದು ಹೋಗಿ ನಿಲ್ಲುವ ಬಾಗಿಲಲ್ಲಿ ಇನ್ನೊಬ್ಬ ಪಿ.ಜಿ. ಎಚ್ಚರವಿರುತ್ತಾರೆ, ಹಿಂದಿನ ದಿನ ಬೆಳಿಗ್ಗೆಯಿಂದ.